ಹಾಡಲು ಬಾರದ ಮಕ್ಕಳಿಲ್ಲ, ಹಾಡಿಸದ ಶಾಲೆಗಳಿವೆ

2024ರ ನವೆಂಬರ್ 1ರಂದು ನಮ್ಮ ಊರಿನ ಅಂಚಿನಲ್ಲಿರುವ ಹಿರಿಯ ಪ್ರಾಥಮಿಕ ಶಾಲೆಯೊಂದರ ರಾಜ್ಯೋತ್ಸವಕ್ಕೆ ನನ್ನನ್ನು ಕರೆದಿದ್ದರು. ನಿವೃತ್ತ ಮೇಷ್ಟರನ್ನು ಇಂತಹ ಸಮಾರಂಭಗಳಿಗೆ ಕರೆಯುವುದು ವಾಡಿಕೆ. ಅವರಿಗೆ ಬೇರೆ ಕೆಲಸವಿರುವುದಿಲ್ಲ, ಹಾರ ಚಿಕ್ಕದಾದರೂ ಬೇಸರಿಸುವುದಿಲ್ಲ. ಧ್ವಜಾರೋಹಣವಾಯಿತು. "ಈಗ ನಾಡಗೀತೆ" ಎಂದು ಘೋಷಣೆಯಾಯಿತು. ನಾನು ಮಕ್ಕಳ ದನಿಗಾಗಿ ಕಿವಿಗೊಟ್ಟು ನಿಂತೆ. ಮುಖ್ಯೋಪಾಧ್ಯಾಯರು ಜೇಬಿನಿಂದ ಮೊಬೈಲ್ ತೆಗೆದರು, ಅದನ್ನು ಒಂದು ಪುಟ್ಟ ಸ್ಪೀಕರಿಗೆ ಜೋಡಿಸಿದರು, ಗುಂಡಿ ಒತ್ತಿದರು. ಯಾರೋ ವೃತ್ತಿಪರ ಗಾಯಕರ ಸೊಗಸಾದ ಕಂಠದಿಂದ ನಾಡಗೀತೆ ಹರಿದು ಬಂತು. ನೂರಕ್ಕೂ ಮಿಕ್ಕ ಮಕ್ಕಳು ನೆಟ್ಟಗೆ ನಿಂತಿದ್ದರು. ಮುಂದಿನ ಸಾಲಿನ ಕೆಲವರ ತುಟಿಗಳು ಅಲುಗುತ್ತಿದ್ದವು. ದನಿ ಮಾತ್ರ ಒಬ್ಬರದೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಆ ಮುಖ್ಯೋಪಾಧ್ಯಾಯರು ಸಂತೋಷದಿಂದಲೇ ಹೇಳಿದರು: "ಸರ್ಕಾರ ಗೊತ್ತು ಮಾಡಿರೋ ಧಾಟೀನೇ ಹಾಕ್ಸಿದೀವಿ ಸಾರ್. ಸರಿಯಾಗಿ ಎರಡು ನಿಮಿಷ ಮೂವತ್ತು ಸೆಕೆಂಡು. ಈಗ ಕೋರ್ಟಲ್ಲೂ ತೀರ್ಮಾನ ಆಗಿದೆಯಲ್ಲ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕುವೆಂಪು ಅವರ ಕವನ ನಾಡಗೀತೆಯೆಂದು ಘೋಷಿತವಾದದ್ದು 2004ರ ಜನವರಿಯಲ್ಲಿ. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಅಂದಿನಿಂದಲೂ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರದೋ ಎಂದು ಪತ್ರಿಕೆಗಳ ಪುಟಗಳು ತುಂಬಿದವು, ಸಮಿತಿಗಳು ಕುಳಿತವು. ಕಡೆಗೆ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಸರ್ಕಾರ ನಿಗದಿಪಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ವಜಾಗೊಳಿಸಿತು. ಇಬ್ಬರೂ ಸುಗಮ ಸಂಗೀತದ ಹಿರಿಯರು, ಇಬ್ಬರಿಗೂ ನಾನು ಕೈಮುಗಿಯುತ್ತೇನೆ. ನನ್ನ ಪ್ರಶ್ನೆ ಬೇರೆ. ಒಂದು ಹಾಡಿನ ಧಾಟಿಗಾಗಿ ಹದಿನೆಂಟು ವರ್ಷ ಚರ್ಚಿಸಿದ ಈ ನಾಡು, ಅದನ್ನು ಮಕ್ಕಳಿಗೆ ಕಲಿಸುವವರು ಯಾರು ಎಂಬುದನ್ನು ಅದೇ ಕಾಳಜಿಯಿಂದ ಒಮ್ಮೆಯಾದರೂ ಕೇಳಿಕೊಂಡಿತೇ? ಧಾಟಿ ಗೊತ್ತಾಯಿತು, ಸಮಯ ಗೊತ್ತಾಯಿತು. ಹಾಡುವ ಮಗು ಎಲ್ಲಿ?

ಆ ಮುಖ್ಯೋಪಾಧ್ಯಾಯರನ್ನು ದೂರುವ ಅಧಿಕಾರ ನನಗಿಲ್ಲ. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅದು 1992ನೆಯ ಇಸವಿ. ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಆಗಸ್ಟ್ ಹದಿನೈದರ ಸಾಮೂಹಿಕ ಗಾಯನದ ಹೊಣೆ ನನ್ನ ತಲೆಗೆ ಬಿದ್ದಿತ್ತು. ತಾಲ್ಲೂಕು ಮೈದಾನದಲ್ಲಿ ಬೇರೆ ಶಾಲೆಗಳ ಎದುರು ಹಾಡಬೇಕು, ಬಹುಮಾನವೂ ಉಂಟು. ಅಭ್ಯಾಸದ ವೇಳೆ ಎಂಟನೆಯ ತರಗತಿಯ ಒಬ್ಬ ಹುಡುಗನ ದನಿ ಗುಂಪಿನಿಂದ ಬೇರೆಯಾಗಿ ಒಡೆದು ಕೇಳುತ್ತಿತ್ತು. ಉತ್ಸಾಹ ಮಾತ್ರ ಎಲ್ಲರಿಗಿಂತ ಹೆಚ್ಚು. ನಾನು ಅವನ ಹತ್ತಿರ ಹೋಗಿ, ಬಹಳ ಮೆತ್ತಗೆಯೇ, "ನೀನು ಬಾಯಿ ಮಾತ್ರ ಅಲ್ಲಾಡಿಸಪ್ಪ, ದನಿ ತೆಗೀಬೇಡ" ಎಂದೆ. ಅವನು ತಲೆಯಾಡಿಸಿದ. ಅಂದಿನಿಂದ ಮೂರು ವರ್ಷ ಅವನು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಬೆಳಗಿನ ಪ್ರಾರ್ಥನೆಯಲ್ಲೂ ಅವನ ತುಟಿ ಮಾತ್ರ ಅಲುಗುತ್ತಿತ್ತು. ನಮಗೆ ಆ ಸಲ ಎರಡನೆಯ ಬಹುಮಾನ ಬಂತು. ಒಂದು ಸ್ಟೀಲ್ ತಟ್ಟೆ.

ಅವನು ಹತ್ತನೆಯ ತರಗತಿ ಮುಗಿಸಿದ ವರ್ಷ ಅವನ ತಂದೆ ವರ್ಗಾವಣೆ ಪತ್ರಕ್ಕಾಗಿ ಶಾಲೆಗೆ ಬಂದಿದ್ದರು. ಅವರು ತಮ್ಮ ಹಳ್ಳಿಯ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರು. ಅದೂ ಇದೂ ಮಾತಾಡುತ್ತ ಅವರೆಂದರು: "ಚಿಕ್ಕೋನಿದ್ದಾಗ ಶನಿವಾರ ಶನಿವಾರ ಭಜನೇಗೆ ನನ್ ಜೊತೆ ಕೂತ್ಕೊಂಡು ಹಾಡೋನು ಸಾ. ಯಾಕೋ ಏನೋ, ಎಂಟ್ನೇ ಕ್ಲಾಸಿಗೆ ಬಂದ್ಮೇಲೆ ಬರೋದೇ ಬಿಟ್ಬಿಟ್ಟ." ಅವರಿಗೆ ಕಾರಣ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ನಾನು ಮಾತನಾಡಲಿಲ್ಲ, ಪತ್ರಕ್ಕೆ ಸಹಿ ಹಾಕಿಸಿ ಕೊಟ್ಟು ಕಳಿಸಿದೆ.

ಇದರಲ್ಲಿ ನನಗೆ ಹೆಚ್ಚು ನಾಚಿಕೆ ತರುವ ಸಂಗತಿ ಇನ್ನೊಂದಿದೆ. ಹದಿಮೂರು, ಹದಿನಾಲ್ಕರ ಹುಡುಗರಲ್ಲಿ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗುತ್ತವೆ, ಆ ಕೆಲವು ತಿಂಗಳು ದನಿ ಒಡೆಯುತ್ತದೆ, ಆಮೇಲೆ ತಾನಾಗಿಯೇ ನೆಲೆಗೊಳ್ಳುತ್ತದೆ ಎಂಬ ಪಾಠವನ್ನು ಮಾಡುತ್ತಿದ್ದವನು ನಾನೇ! ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯನ್ನೂ ಕೇಳುತ್ತಿದ್ದೆ. ಎದುರಿಗೆ ನಿಂತ ಹುಡುಗನ ಗಂಟಲಿನಲ್ಲಿ ಅದೇ ಪಾಠ ನಡೆಯುತ್ತಿದ್ದಾಗ ನನಗೆ ಕೇಳಿಸಿದ್ದು ಅಪಸ್ವರ ಮಾತ್ರ.

ಈ ಅಪರಾಧ ನನ್ನೊಬ್ಬನದೇ ಆಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಶಾಲೆಗಳ ಪದ್ಧತಿಯೇ ಇದು. ಜೂನ್ ತಿಂಗಳಲ್ಲಿ ಕಂಠ ಚೆನ್ನಾಗಿರುವ ಐದಾರು ಹೆಣ್ಣುಮಕ್ಕಳನ್ನು ಆರಿಸುತ್ತೇವೆ. ವರ್ಷವಿಡೀ ಪ್ರಾರ್ಥನೆ ಅವರದೇ, ಸ್ವಾಗತಗೀತೆ ಅವರದೇ, ಪ್ರತಿಭಾ ಕಾರಂಜಿಗೆ ಹೋಗುವವರೂ ಅವರೇ. ಉಳಿದ ಮಕ್ಕಳ ಕೆಲಸ ಚಪ್ಪಾಳೆ ತಟ್ಟುವುದು. ಪ್ರತಿಭಾ ಕಾರಂಜಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ವೇದಿಕೆಯನ್ನೇ ಕಾಣದ ಎಷ್ಟೋ ಹಳ್ಳಿಯ ಮಕ್ಕಳು ಅದರಿಂದ ಬೆಳಕಿಗೆ ಬಂದಿದ್ದಾರೆ. ಆದರೆ ಸ್ಪರ್ಧೆ ಪ್ರತಿಭೆಯನ್ನು ಆರಿಸುತ್ತದೆಯೇ ಹೊರತು ಯಾರಿಗೂ ಕಲಿಸುವುದಿಲ್ಲ. ಓಟದ ಸ್ಪರ್ಧೆ ಏರ್ಪಡಿಸಿದ ಮಾತ್ರಕ್ಕೆ ದೈಹಿಕ ಶಿಕ್ಷಣ ಕೊಟ್ಟಂತಾಯಿತೇ? ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬಳು ಹಾಡಿ ಇಪ್ಪತ್ತೊಂಬತ್ತು ಮಂದಿ ಕೇಳುವುದನ್ನು ಸಂಗೀತ ಶಿಕ್ಷಣವೆಂದು ಕರೆಯುವುದಾದರೆ, ಒಬ್ಬಳು ಲೆಕ್ಕ ಮಾಡಿ ಇಪ್ಪತ್ತೊಂಬತ್ತು ಮಂದಿ ನೋಡುವುದನ್ನೂ ಗಣಿತ ಶಿಕ್ಷಣವೆಂದು ಕರೆಯಬೇಕಾಗುತ್ತದೆ.

"ಹಾಗಲ್ಲ, ಸಂಗೀತಕ್ಕೆ ಹುಟ್ಟುವಾಗಲೇ ಕಂಠ ಪಡೆದು ಬಂದಿರಬೇಕು" ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಸಂಗೀತ ವಿದ್ವಾಂಸನಾಗಲು ಅದು ನಿಜವಿರಬಹುದು. ಆದರೆ ಅಕ್ಷರ ಕಲಿಸುವಾಗ ನಾವು ಕವಿಯಾಗಬಲ್ಲ ಮಗುವನ್ನಷ್ಟೇ ಆರಿಸಿಕೊಳ್ಳುತ್ತೇವೆಯೇ? ಹುಟ್ಟಿನಿಂದಲೇ ಸ್ವರಗಳ ಭೇದ ತಿಳಿಯದವರು ಇಲ್ಲದಿಲ್ಲ, ಆದರೆ ಅವರು ನೂರರಲ್ಲಿ ಕೆಲವರು ಮಾತ್ರ. ಒಂದನೆಯ ತರಗತಿಗೆ ಬಂದಾಗ ಹೇಳಿಕೊಟ್ಟ ಸ್ವರವನ್ನು ಹಿಡಿಯಲಾಗದ ಮಕ್ಕಳು ಬಹಳ ಇರುತ್ತಾರೆ. ದಿನವೂ ಹಾಡಿಸಿದರೆ ಎಂಟು, ಹತ್ತನೆಯ ವಯಸ್ಸಿಗೆ ಅವರಲ್ಲಿ ಹೆಚ್ಚಿನವರು ಅದನ್ನು ಹಿಡಿಯುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಶಿಸ್ತಿಗೆ ಮಾತ್ರ ಬಳಸುತ್ತೇವೆ, ಕಿವಿಗೂ ಗಂಟಲಿಗೂ ಅದು ಅಷ್ಟೇ ಸಲ್ಲುತ್ತದೆ. ಇದಕ್ಕಾಗಿಯೇ ನಾನು ಪ್ರೌಢಶಾಲೆಯ ಮಾತು ಬಿಟ್ಟು ಪ್ರಾಥಮಿಕ ಶಾಲೆಯ ಮಾತೆತ್ತಿರುವುದು. ನಮ್ಮ ಕೈಗೆ ಬರುವ ಹೊತ್ತಿಗೆ ಮಕ್ಕಳು ತಮಗೆ ಹಾಡಲು ಬರುವುದಿಲ್ಲವೆಂದು ತೀರ್ಮಾನಿಸಿಕೊಂಡಿರುತ್ತಾರೆ. ತೀರ್ಮಾನಿಸಿಕೊಳ್ಳದವರಿಗೆ ನನ್ನಂಥವರು ಹೇಳಿಬಿಡುತ್ತೇವೆ.

ಎಷ್ಟೋ ಸಲ ಮಗುವಿನದೆಂದು ತಿಳಿದ ಕುಂದು ಮೇಷ್ಟರದೇ ಆಗಿರುತ್ತದೆ. ವಯಸ್ಕ ಗಂಡಸಿನ ಮಾತಿನ ದನಿ ಸೆಕೆಂಡಿಗೆ ಸುಮಾರು 120 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಏಳೆಂಟು ವರ್ಷದ ಮಗುವಿನದು ಅದರ ಇಮ್ಮಡಿ, ಸುಮಾರು 250. ಮೇಷ್ಟರು ತಮ್ಮ ಗಂಟಲಿಗೆ ಹಿತವಾದ ಕೆಳಗಿನ ಶ್ರುತಿಯಲ್ಲಿ ಹಾಡನ್ನು ಎತ್ತಿಕೊಳ್ಳುತ್ತಾರೆ. ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಹಿಡಿಯಬೇಕೆಂಬುದು ಎಳೆಯ ಮಕ್ಕಳಿಗೆ ಹೊಳೆಯುವುದಿಲ್ಲ. ಅವು ಆ ಕೆಳಗಿನ ದನಿಗೇ ಇಳಿಯಲು ಹೆಣಗಿ ಗೊರಗುಟ್ಟುತ್ತವೆ. "ದನಿಯೇ ಇಲ್ಲ, ಇನ್ನೂ ಗಟ್ಟಿಯಾಗಿ" ಎಂದು ಮೇಷ್ಟರು ಗದರಿದರೆ ಗೊರಗು ಕಿರುಚಾಟವಾಗುತ್ತದೆ. ಒಂಬತ್ತನೆಯ ತರಗತಿಯ 'ಶಬ್ದ' ಅಧ್ಯಾಯದಲ್ಲಿ ಸ್ಥಾಯಿ ಬೇರೆ, ಗಟ್ಟಿತನ ಬೇರೆ ಎಂದು ನಾನು ವರ್ಷ ವರ್ಷವೂ ಬೋಧಿಸಿದೆ. ಷಡ್ಜಕ್ಕೂ ತಾರಷಡ್ಜಕ್ಕೂ ಒಂದಕ್ಕೆರಡರ ಅನುಪಾತ, ಷಡ್ಜಕ್ಕೂ ಪಂಚಮಕ್ಕೂ ಎರಡಕ್ಕೆ ಮೂರರ ಅನುಪಾತ ಎಂದು ಲೆಕ್ಕ ಕೊಟ್ಟೆ. ಆ ಅಧ್ಯಾಯವನ್ನು ಬೋಧಿಸುವಾಗ ಒಂದೇ ಒಂದು ಸಲ ಮಕ್ಕಳ ಬಾಯಲ್ಲಿ ಷಡ್ಜವನ್ನು ಹಿಡಿಸಲಿಲ್ಲ. ಶಬ್ದದ ಪಾಠವನ್ನು ನಿಶ್ಶಬ್ದದಲ್ಲಿ ಮಾಡಿದ ಕೀರ್ತಿ ನನ್ನದು!

ನನಗೆ ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಯವರೆಗೆ ಪಾಠ ಹೇಳಿದ ಗುರುಗಳು ಹೀಗಿರಲಿಲ್ಲ. 1960ರ ದಶಕದ ಕೊನೆಯ ವರ್ಷಗಳು, ಏಕೋಪಾಧ್ಯಾಯ ಶಾಲೆ, ಮಾರಮ್ಮನ ಗುಡಿಯ ಪಕ್ಕದ ಒಂದು ಹೆಂಚಿನ ಕೋಣೆ. ಗುರುಗಳಿಗೆ ಶಾಸ್ತ್ರೀಯ ಸಂಗೀತ ಗೊತ್ತಿರಲಿಲ್ಲ, ಹಾರ್ಮೋನಿಯಂ ಇರಲಿಲ್ಲ. ಶಾಲೆಯ ಗಂಟೆಯೆಂದರೆ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ಒಂದು ತುಂಡು. ಬೆಳಿಗ್ಗೆ ಅದನ್ನು ಬಾರಿಸಿದವರು ಕೈಯೆತ್ತಿ ನಮ್ಮನ್ನು ಸುಮ್ಮನಿರಿಸುತ್ತಿದ್ದರು. ಕಂಬಿಯ ನಾದ ಗುಂಯ್‌ಗುಡುತ್ತ ಕ್ಷೀಣಿಸುತ್ತಿರುವಾಗ ನಾವೆಲ್ಲ ಬಾಯಿ ಮುಚ್ಚಿಕೊಂಡು ಅದೇ ನಾದವನ್ನು ಮೂಗಿನಲ್ಲಿ ಹಿಡಿಯಬೇಕು. ಅವರು ಸಾಲಿನ ನಡುವೆ ನಡೆಯುತ್ತ ಒಬ್ಬೊಬ್ಬರ ಬಳಿ ಕಿವಿಯೊಡ್ಡುತ್ತಿದ್ದರು. ಹಿಡಿಯದವನನ್ನು ಬಯ್ಯುತ್ತಿರಲಿಲ್ಲ. ಹಿಡಿದವನ ಪಕ್ಕದಲ್ಲಿ ಕೂರಿಸುತ್ತಿದ್ದರು, ಅಷ್ಟೇ. ಕೆಲವು ದಿನ ಕಣ್ಣು ಮುಚ್ಚಿಸಿ ಹಿತ್ತಾಳೆ ಬಿಂದಿಗೆ, ಮಣ್ಣಿನ ಗಡಿಗೆ, ಸ್ಲೇಟು, ಮೇಜು ಇವುಗಳನ್ನು ತಟ್ಟಿ ಯಾವುದೆಂದು ಕೇಳುತ್ತಿದ್ದರು. ಮಗ್ಗಿಗೆ ಧಾಟಿ, ಕೋಲಾಟಕ್ಕೆ ಹೆಜ್ಜೆ. ಸುಗ್ಗಿಯ ಹೊತ್ತಿಗೆ ಮನೆಯಲ್ಲಿ ಅವ್ವಂದಿರು ಹೇಳುವ ಪದವೊಂದನ್ನು ಪ್ರತಿಯೊಬ್ಬರೂ ಕಲಿತು ಬಂದು ಎಲ್ಲರಿಗೂ ಹೇಳಿಕೊಡಬೇಕು. ಒಬ್ಬ ಹುಡುಗನ ಮನೆಯವರು ಹಬ್ಬಗಳಲ್ಲಿ ತಮಟೆ ಬಡಿಯುವವರು. ಅವನು ಬೇರೆ ಪಾಠಗಳಲ್ಲಿ ತಲೆತಗ್ಗಿಸಿ ಕೂರುತ್ತಿದ್ದ. ತಾಳದ ದಿನ ಮಾತ್ರ ಗುರುಗಳು ಅವನನ್ನು ತಮ್ಮ ಕುರ್ಚಿಯ ಪಕ್ಕಕ್ಕೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು, ನಾವೆಲ್ಲ ಅವನನ್ನು ನೋಡಿ ಕಲಿಯುತ್ತಿದ್ದೆವು. ಊರಿನಲ್ಲಿ ಅವನು ಎಲ್ಲಿ ನಿಲ್ಲಬೇಕೆಂಬುದು ಬೇರೆ ರೀತಿ ಗೊತ್ತಾಗಿತ್ತು. ನನ್ನ ಗುರುಗಳು ಏನು ಮಾಡುತ್ತಿದ್ದರೆಂಬುದು ನನಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದವು.

ಇನ್ನು ಸಾಮಾನ್ಯವಾಗಿ ಎದುರಾಗುವ ಆಕ್ಷೇಪಣೆಗಳಿಗೆ ಬರೋಣ.

ಮೊದಲನೆಯದು, "ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹಾಡು ಈಗಾಗಲೇ ಇದೆಯಲ್ಲ" ಎಂಬುದು. ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ನಾಡಿನಾದ್ಯಂತ ಹಬ್ಬಿದ ನಲಿ-ಕಲಿ ಪದ್ಧತಿ ತರಗತಿಯೊಳಗೆ ಹಾಡನ್ನು ತಂದಿತು, ಮಕ್ಕಳ ಹೆದರಿಕೆಯನ್ನು ಕಳೆಯಿತು. ಆ ಉಪಕಾರವನ್ನು ಮರೆಯಬಾರದು. ಆದರೆ ಹಾಡಿನಿಂದ ಕಲಿಸುವುದು ಬೇರೆ, ಹಾಡನ್ನು ಕಲಿಸುವುದು ಬೇರೆ. ಕೈ ತೊಳೆಯಲು ಒಂದು ಹಾಡು, ವಾರದ ದಿನಗಳಿಗೆ ಒಂದು ಹಾಡು, ಕೂಡುವ ಲೆಕ್ಕಕ್ಕೆ ಒಂದು ಹಾಡು. ಹಾಡು ಇಲ್ಲಿ ಬೇರೆ ವಿಷಯಗಳ ಮೂಟೆ ಹೊರುವ ಆಳು. ಪದ ಬಾಯಿಗೆ ಬಂದರೆ ಸಾಕು, ಸ್ವರ ಎತ್ತ ಹೋದರೂ ಕೇಳುವವರಿಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಹಾಡುಗಳ ಗತಿಯೂ ಇದೇ ಆಗಿದೆ. ಅವನ್ನು ಓದಿಸಿ, ಬರೆಸಿ, 'ಬಿಟ್ಟ ಪದ ತುಂಬಿರಿ' ಎಂದು ಕೇಳಿ ಮುಗಿಸುತ್ತೇವೆ.

ಎರಡನೆಯದು, "ಕಲಿಸುವವರಿಲ್ಲ" ಎಂಬುದು. ಇದು ದೊಡ್ಡ ಸತ್ಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವನ್ನು ಎಲ್ಲ ಮಕ್ಕಳಿಗೂ ವಿಷಯವಾಗಿ ಕಲಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ಮಾತುಗಳು ಸುಂದರವಾಗಿವೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿ. ಕಲಾಶಿಕ್ಷಣಕ್ಕೆ ಅಲ್ಲಿ ದೊರೆತಿರುವುದು ಅರೆಕಾಲಿಕ ಬೋಧಕರು. ಅದೂ ಆರರಿಂದ ಎಂಟನೆಯ ತರಗತಿಯವರೆಗೆ, ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅಷ್ಟೂ ಇಲ್ಲ. ಕಿವಿ ಅರಳುವ ವಯಸ್ಸಿನಲ್ಲಿ ಶೂನ್ಯ, ದನಿ ಒಡೆಯುವ ವಯಸ್ಸಿನಲ್ಲಿ ಅರೆಕಾಲಿಕ! ನಾನು ಕೆಲಸ ಮಾಡಿದ ಶಾಲೆಗಳ ಪೈಕಿ ಒಂದರಲ್ಲಿ ಮಾತ್ರ ಸಂಗೀತದ ಶಿಕ್ಷಕಿಯೊಬ್ಬರಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಅವರ ತಂಬೂರಿ ಕ್ರೀಡಾಸಾಮಗ್ರಿಯ ಕೋಣೆಯಲ್ಲಿ ಹಗ್ಗಜಗ್ಗಾಟದ ಹಗ್ಗದ ಕೆಳಗೆ ಬಿದ್ದಿತ್ತು.

ಹಾಗೆಂದು ಪ್ರತಿ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೂ ಒಬ್ಬ ಸಂಗೀತ ವಿದ್ವಾಂಸರನ್ನು ಕಳಿಸಿ ಎಂದು ನಾನು ಕೇಳುತ್ತಿಲ್ಲ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರೆಂಬ ಲೆಕ್ಕದಲ್ಲಿ ಅದು ಆಗುವ ಮಾತಲ್ಲವೆಂದು ಬಲ್ಲೆ. ನಾನು ಕೇಳುವುದು ಇರುವ ಶಿಕ್ಷಕರನ್ನೇ ಸಿದ್ಧಗೊಳಿಸಿ ಎಂದು. ಪ್ರಾಥಮಿಕ ಶಾಲೆಯ ಶಿಕ್ಷಕರು ಗಣಿತಜ್ಞರಲ್ಲದಿದ್ದರೂ ಗಣಿತ ಕಲಿಸುವುದಿಲ್ಲವೇ? ಹಾಗೆಯೇ ಮಕ್ಕಳ ಶ್ರುತಿಯಲ್ಲಿ ಹಾಡನ್ನು ಎತ್ತಿಕೊಳ್ಳುವುದು, ಒಂದು ಸಾಲನ್ನು ಹೇಳಿಕೊಟ್ಟು ಮರಳಿ ಹೇಳಿಸುವುದು, ತಾಳ ತಪ್ಪದಂತೆ ನೋಡಿಕೊಳ್ಳುವುದು, ಇಪ್ಪತ್ತು ಹಾಡುಗಳನ್ನು ಸರಿಯಾಗಿ ಬಲ್ಲವರಾಗಿರುವುದು, ಇಷ್ಟು ಸಾಕು. ಇದನ್ನು ಶಿಕ್ಷಕ ತರಬೇತಿಯ ಎರಡು ವರ್ಷಗಳಲ್ಲಿ ಕಲಿಸಲಾಗದೇ? ನಾನು ಬಿ.ಎಡ್. ಓದಿದ ವರ್ಷ ಪಾಠಯೋಜನೆ ಬರೆಯುವುದನ್ನು ಕಲಿತೆ, ಚಾರ್ಟು ಅಂಟಿಸುವುದನ್ನು ಕಲಿತೆ. ದಿನವಿಡೀ ಬಳಸಬೇಕಾದ ನನ್ನ ದನಿಯ ಬಗ್ಗೆ ಒಂದು ಗಂಟೆಯ ಪಾಠವನ್ನೂ ಯಾರೂ ಹೇಳಲಿಲ್ಲ.

ಮೂರನೆಯದು ನಾಜೂಕಿನ ಪ್ರಶ್ನೆ: "ಯಾವ ಸಂಗೀತ?" ಈ ನಾಡು ಕರ್ನಾಟಕ ಸಂಗೀತಕ್ಕೂ ಹಿಂದೂಸ್ತಾನಿಗೂ ಮನೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರಗಳಿಂದ ಪಿಳ್ಳಾರಿ ಗೀತೆಗೆ ಏರುವ ಪಾಠಕ್ರಮವನ್ನು ಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬಿದೆ. ಶತಮಾನಗಳಿಂದ ಬಾಳಿಬಂದ ಕ್ರಮ ಅದು. ಅದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಆದರೆ ಅದು ಗುರುವಿನ ಮುಂದೆ ಕುಳಿತು ಕಲಿಯುವ ಶಿಷ್ಯನಿಗಾಗಿ ಕಟ್ಟಿದ ದಾರಿ. ಆರು ವರ್ಷದ ನಲವತ್ತು ಮಕ್ಕಳನ್ನು ಮೊದಲ ದಿನವೇ ಸರಳೆಗೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಮೂವತ್ತೈದು ಮಂದಿ ಕಿಟಕಿಯ ಆಚೆ ನೋಡುತ್ತಾರೆ. ಇನ್ನು ಕೆಲವರಿಗೆ ಅದು ತಮ್ಮ ಮನೆಯದಲ್ಲ ಎಂಬ ಅಳುಕೂ ಇರುತ್ತದೆ. ಅದನ್ನು ನಾವು ಒಪ್ಪಿಕೊಳ್ಳಬೇಕು.

ಇಲ್ಲಿ ದೂರದ ಹಂಗೆರಿ ದೇಶದ ಒಂದು ಉದಾಹರಣೆ ನೆರವಿಗೆ ಬರುತ್ತದೆ. ಜೊಲ್ಟಾನ್ ಕೊಡಾಯ್ (1882-1967) ಅಲ್ಲಿನ ದೊಡ್ಡ ಸಂಗೀತ ರಚನಕಾರ. ಯೌವನದಲ್ಲಿ ತನ್ನ ಗೆಳೆಯ ಬೇಲಾ ಬಾರ್ಟೋಕ್‌ನಂತೆ ತಾನೂ ಹಳ್ಳಿ ಹಳ್ಳಿ ತಿರುಗಿ ರೈತರ ಹಾಡುಗಳನ್ನು ಸಂಗ್ರಹಿಸಿದವನು. ಮಗುವಿಗೆ ತಾಯ್ನುಡಿ ಹೇಗೋ ಹಾಗೆ ಜನಪದ ಹಾಡು ಅದರ ಸಂಗೀತದ ತಾಯ್ನುಡಿ, ಕಲಿಕೆ ಅಲ್ಲಿಂದಲೇ ಶುರುವಾಗಬೇಕು ಎಂಬುದು ಅವನ ನಿಲುವು. 1950ರಲ್ಲಿ ಅವನ ಹುಟ್ಟೂರಾದ ಕೆಚ್ಕೆಮೇಟ್‌ನಲ್ಲಿ ದಿನವೂ ಹಾಡು ಕಲಿಸುವ ಪ್ರಾಥಮಿಕ ಶಾಲೆ ಆರಂಭವಾಯಿತು. ಅಲ್ಲಿ ವಾದ್ಯಕ್ಕಿಂತ ಮೊದಲು ಕಂಠ, ಸ್ವರಲಿಪಿಗಿಂತ ಮೊದಲು ಹಾಡು. ಮಹಾಯುದ್ಧದಲ್ಲಿ ನಲುಗಿಹೋಗಿದ್ದ ದೇಶ ಅದು. ಕಾಸಿಲ್ಲ ಎಂಬ ನೆಪ ನಮಗಿಂತ ಅವರಿಗೆ ಹೆಚ್ಚು ಒಪ್ಪುತ್ತಿತ್ತು.

ಹಂಗೆರಿಯ ಹಾಡನ್ನು ತರಬೇಕಾಗಿಲ್ಲ, ಆ ವಿವೇಕವನ್ನು ತಂದರೆ ಸಾಕು. ಸೋಬಾನೆ, ಕೋಲಾಟದ ಪದ, ಬೀಸುವ ಪದ, ಲಾವಣಿ, ತತ್ತ್ವಪದ, ಮಲೆನಾಡಿನ ಅಂಟಿಗೆ-ಪಂಟಿಗೆ, ಇವುಗಳ ಧಾಟಿಗಳು ಚಿಕ್ಕವು, ಮರುಕಳಿಸುವಂಥವು, ಗುಂಪಿನಲ್ಲಿ ಹಾಡಲೆಂದೇ ಹುಟ್ಟಿದವು. ಮೊದಲ ಎರಡು ಮೂರು ವರ್ಷ ಇವು ಸಾಕು. ಆಮೇಲೆ ಸರಳೆ ಬರಲಿ, ವಚನ ಬರಲಿ, ದಾಸರ ಪದ, ಭಾವಗೀತೆ ಬರಲಿ. ಕಿವಿ ಸಿದ್ಧವಾದ ಮಗುವಿಗೆ ಯಾವುದೂ ಪರಕೀಯವಲ್ಲ.

ನಾಲ್ಕನೆಯದು, ಪೋಷಕರ ಪ್ರಶ್ನೆ: "ಇದರಿಂದ ಮಾರ್ಕ್ಸ್ ಹೆಚ್ಚುತ್ತದೆಯೇ?" ಇದಕ್ಕೆ ಉತ್ತರಿಸುವ ಉತ್ಸಾಹದಲ್ಲಿ ಸಂಗೀತದ ಮಿತ್ರರೇ ಸಂಗೀತಕ್ಕೆ ದ್ರೋಹ ಮಾಡುವುದುಂಟು. ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ, ಗಣಿತ ಬರುತ್ತದೆ ಎನ್ನುತ್ತಾರೆ. 'ಮೊಜಾರ್ಟ್ ಪರಿಣಾಮ' ಎಂಬ ಹೆಸರಿನಲ್ಲಿ ಜಗತ್ತನ್ನು ಸುತ್ತಿದ ಈ ನಂಬಿಕೆಯ ಮೂಲ 1993ರ ಒಂದು ಪುಟ್ಟ ಪ್ರಯೋಗ. ಅದನ್ನು ನಡೆಸಿದ್ದು ಮಕ್ಕಳ ಮೇಲಲ್ಲ, ಕಾಲೇಜು ವಿದ್ಯಾರ್ಥಿಗಳ ಮೇಲೆ. ಕಂಡ ಲಾಭ ಒಂದು ಬಗೆಯ ಆಕಾರ-ಜೋಡಣೆಯ ಪರೀಕ್ಷೆಗೆ ಸೀಮಿತವಾಗಿತ್ತು, ಅದೂ ಹದಿನೈದು ನಿಮಿಷದೊಳಗೆ ಕರಗಿಹೋಗಿತ್ತು. ಅಷ್ಟಕ್ಕೇ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ 1998ರಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಮುದ್ರಿಕೆ ಹಂಚಲು ಹೊರಟರು. ಇಂಥ ಶಿಫಾರಸು ಪತ್ರಗಳು ಸಂಗೀತಕ್ಕೆ ಬೇಡ. ಕನ್ನಡ ಕಲಿತರೆ ರಸಾಯನಶಾಸ್ತ್ರ ಸುಲಭವಾಗುತ್ತದೆಯೆಂದು ಯಾರಾದರೂ ಕನ್ನಡ ಕಲಿಸುತ್ತಾರೆಯೇ? ಹಾಡು ಮನುಷ್ಯನಿಗೆ ಮಾತಿನಷ್ಟೇ ಸಹಜವಾದ ಸ್ವತ್ತು. ಅದನ್ನು ಮಗುವಿಗೆ ತಲುಪಿಸುವುದು ಶಾಲೆಯ ಕರ್ತವ್ಯ. ನನಗೆ ಗೊತ್ತಿರುವ ಕಾರಣ ಇಷ್ಟೇ, ಇಷ್ಟು ಸಾಕೆಂದು ನಾನು ನಂಬಿದ್ದೇನೆ.

"ಬೇಕಾದವರು ಹೊರಗೆ ಕ್ಲಾಸಿಗೆ ಹೋಗಿ ಕಲಿಯಲಿ" ಎನ್ನುವವರೂ ಇದ್ದಾರೆ. ಬೇಕೆಂಬುದು ಗೊತ್ತಾಗುವುದಾದರೂ ಹೇಗೆ? ಪಟ್ಟಣದ ಬಡಾವಣೆಗಳಲ್ಲಿ ಹಣ ಕೊಟ್ಟು, ಕರೆದೊಯ್ದು, ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸುವ ತಂದೆತಾಯಿಯರಿದ್ದಾರೆ, ಸಂತೋಷ. ಕೂಲಿಗೆ ಹೋಗುವ ತಾಯಿಯ ಮಗುವಿಗೆ ಇರುವುದು ಸರ್ಕಾರಿ ಶಾಲೆಯೊಂದೇ. ಅದು ಅಲ್ಲಿಯೂ ಹಾಡದಿದ್ದರೆ ಅದಕ್ಕೆ ಉಳಿಯುವುದು ಟಿ.ವಿ. ಅಲ್ಲಿ ಏಳೆಂಟು ವರ್ಷದ ಕೂಸುಗಳು ದೊಡ್ಡವರ ಹಾಡನ್ನು ದೊಡ್ಡವರ ಹಾವಭಾವದಲ್ಲಿ ಹಾಡುತ್ತವೆ. ತೀರ್ಪುಗಾರರು ಬೇಡವೆಂದಾಗ ಅಳುತ್ತವೆ. ಆ ಅಳುವಿಗೆ ಹಿನ್ನೆಲೆ ಸಂಗೀತವನ್ನೂ ಕೂಡಿಸಿ ತೋರಿಸುತ್ತಾರೆ. ಅದನ್ನು ನೋಡಿದ ಲಕ್ಷಾಂತರ ಮಕ್ಕಳು ಕಲಿಯುವ ಪಾಠ ಒಂದೇ: ಹಾಡುವುದು ಗೆಲ್ಲುವವರ ಕೆಲಸ.

ಆದ್ದರಿಂದ ನಾನು ಕೇಳುವುದು ಇಷ್ಟು. ಒಂದರಿಂದ ಐದನೆಯ ತರಗತಿಯವರೆಗೆ ದಿನಕ್ಕೆ ಇಪ್ಪತ್ತು ನಿಮಿಷ ಎಲ್ಲ ಮಕ್ಕಳೂ ಹಾಡಲಿ. ಅದಕ್ಕೆ ಪರೀಕ್ಷೆ ಬೇಡ, ಅಂಕ ಬೇಡ, ಆಯ್ಕೆ ಬೇಡ. ಶಿಕ್ಷಕ ತರಬೇತಿಯಲ್ಲಿ ಹಾಡಿಸುವ ಕೌಶಲ ಎಲ್ಲರಿಗೂ ಕಡ್ಡಾಯವಾಗಲಿ. ಊರಿನ ಕೋಲಾಟದ ಗುರು, ಸೋಬಾನೆಯ ಅಜ್ಜಿ, ತಮಟೆಯ ಕಲಾವಿದ, ಭಜನೆಯ ಹಾರ್ಮೋನಿಯಂನವರು ತಿಂಗಳಿಗೆ ಒಂದೆರಡು ದಿನ ಗೌರವಧನ ಪಡೆದು ಶಾಲೆಗೆ ಬರಲಿ. ವಾದ್ಯಗಳಿಗೆ ಹಣವಿಲ್ಲದಿದ್ದರೆ ಚಿಂತೆಯಿಲ್ಲ. ಹಾಡನ್ನು ನುಂಗಿದ ಅದೇ ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಉಚಿತವಾಗಿ ದೊರೆಯುತ್ತದೆ. ಅದು ಶ್ರುತಿ ಹಿಡಿಯಲಿ, ಹಾಡುವ ಕೆಲಸ ಮಕ್ಕಳಿಗಿರಲಿ.

ರಾಜ್ಯೋತ್ಸವದ ದಿನ ನನಗೆ ಭಾಷಣಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. ನಾನು ಭಾಷಣ ಮಾಡಲಿಲ್ಲ. ನನ್ನ ಗುರುಗಳು ಹೇಳಿಕೊಟ್ಟಿದ್ದ ಒಂದು ಕೋಲಾಟದ ಪದವನ್ನು ಎತ್ತಿಕೊಂಡೆ. ನನ್ನ ಕಂಠ ಹಾಡಿಗೆ ಹೇಳಿಸಿದ್ದಲ್ಲ, ಮಕ್ಕಳು ಕಿಸಕ್ಕನೆ ನಕ್ಕರು. ನಾಲ್ಕನೆಯ ಸಲ ಹೇಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ದನಿ ಸೇರಿತು, ಆಮೇಲೆ ಹತ್ತು, ಆಮೇಲೆ ಎಣಿಸಲಾಗಲಿಲ್ಲ. ಮುಖ್ಯೋಪಾಧ್ಯಾಯರು ಒಳ್ಳೆಯ ಮನುಷ್ಯರು. ಶನಿವಾರ ಬೆಳಗಿನ ಶಾಲೆಯಲ್ಲಿ ಅರ್ಧ ಗಂಟೆ ಕೊಡುತ್ತೇನೆಂದರು. ಅಂದಿನಿಂದ ಹೋಗುತ್ತಿದ್ದೇನೆ. ಪವಾಡವೇನೂ ನಡೆದಿಲ್ಲ. ಶ್ರುತಿ ಇನ್ನೂ ಸೇರಿಲ್ಲ, ತಾಳ ಓಡುತ್ತದೆ. ಈಗ ದನಿಯಾದರೂ ಮಕ್ಕಳದೇ.

ಆ ಶಾಲೆಯಲ್ಲಿಯೂ ದನಿ ಒಡೆದ ಒಬ್ಬ ಹುಡುಗನಿದ್ದಾನೆ. ಅವನನ್ನು ನಾನು ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ. 1992ರ ಹುಡುಗನಿಗೆ ಈಗ ನಲವತ್ತೈದು ದಾಟಿರಬೇಕು. ಅವನೆಲ್ಲಿದ್ದಾನೋ ನನಗೆ ತಿಳಿಯದು. ಅವನಿಗೆ ಸಲ್ಲಬೇಕಾದ ಕ್ಷಮೆಯನ್ನು ನಾನು ಇನ್ನಾರಿಗೋ ಸಲ್ಲಿಸಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲವೆಂಬುದೂ ಗೊತ್ತಿದೆ. ಇಂದು ತರಗತಿಯಲ್ಲಿ ನಿಂತಿರುವ ನನ್ನ ಕಿರಿಯ 'ಮೇಷ್ಟರು'ಗಳಲ್ಲಿ, 'ಮಿಸ್ಸು'ಗಳಲ್ಲಿ ಬೇಡುವುದು ಒಂದೇ. ಸರ್ಕಾರದ ಆದೇಶ ಯಾವಾಗ ಬರುತ್ತದೋ ಬರಲಿ. ಅಲ್ಲಿಯವರೆಗೆ ಯಾವ ಮಗುವಿಗೂ, ಎಂಥ ಬಹುಮಾನಕ್ಕಾಗಿಯೂ, ಎಷ್ಟೇ ಮೆತ್ತಗಿನ ದನಿಯಲ್ಲಿಯೂ "ಬಾಯಿ ಮಾತ್ರ ಅಲ್ಲಾಡಿಸು" ಎಂದು ಹೇಳಬೇಡಿ.